ಎಡಗಡೆಯ ಅಂಚು

ಬಟ್ಟೆಯನ್ನು ನಡುಮನೆಯ ನೆಲದ ಮೇಲೆ ಹಾಸಿ, ಹಾರದಂತೆ ಮೂಲೆಗಳಿಗೆ ನೀರಿನ ಲೋಟಗಳನ್ನಿಟ್ಟು, ಕತ್ತರಿ ಹಿಡಿದು ಕೂತ ಮೇಲೂ ದಾಕ್ಷಾಯಿಣಿಗೆ ಕತ್ತರಿಸಲು ಕೈ ಬರಲಿಲ್ಲ. ಫ್ಯಾನಿನ ಗಾಳಿಗೆ ಬಟ್ಟೆಯ ನಡುಭಾಗ ಆಗಾಗ ಸಣ್ಣಗೆ ಉಬ್ಬುತ್ತಿತ್ತು, ಮತ್ತೆ ನೆಲಕ್ಕೆ ಅಂಟುತ್ತಿತ್ತು. ಹಾಲುಬಿಳುಪಿನ ಕಾಟನ್ನು, ಮೇಲೆ ಸಾಸಿವೆಗಿಂತ ತುಸು ದೊಡ್ಡ ನೀಲಿ ಹೂಗಳು. ಮಗಳು ಶಿವರಂಜನಿ ಕುದಾಪುರದ ಸಂಶೋಧನಾ ಕೇಂದ್ರವೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು, ಅಲ್ಲೇ ಕ್ವಾರ್ಟರ್ಸಿನಲ್ಲಿರುವವಳು. ಹೋದ ಶನಿವಾರ ಚಳ್ಳಕೆರೆಗೆ ಬಂದಾಗ ಈ ಬಟ್ಟೆಯನ್ನು ತಾಯಿಯ ಮಂಚದ ಮೇಲೆ ಹಾಕಿ, ಫೋನಿನಲ್ಲಿ ಒಂದು ಚಿತ್ರ ತೋರಿಸಿದ್ದಳು. ದುಂಡು ಕಾಲರು, ಬುಗ್ಗೆ ತೋಳು, ಭುಜದ ಪಟ್ಟಿಯಿಂದ ಸಡಿಲವಾಗಿ ಇಳಿದ ನೆರಿಗೆ, ಮುಂದೆ ಸಾಲಾಗಿ ಗುಂಡಿ, ಮೊಣಕಾಲಿನಿಂದ ಒಂದು ಗೇಣು ಕೆಳಗಿನವರೆಗೆ ಉದ್ದ.

"ನಿಮ್ ಕಾಲದ ಫ್ರಾಕು ಕಣವ್ವ. ಈಗ ತಿರುಗಿ ಇದೇ ಫ್ಯಾಷನ್ ಆಗೈತೆ. ಯುಗಾದಿ ಆದ್ಮೇಲೆ ಆಫೀಸಿನೋರೆಲ್ಲ ಹಂಪಿಗೆ ಹೋಗ್ತಿದೀವಿ. ಬಿಸಿಲಿಗೆ ತಣ್ಣಗಿರ್ತೈತೆ. ಹೊಲಿದು ಕೊಡ್ತೀಯಾ?"

"ನಮ್ ಕಾಲದಾಗೆ ಇದನ್ನ ಸಣ್ಣ ಹುಡುಗೇರು ಹಾಕ್ಕೊಂತಿದ್ರು."

"ಈಗ ದೊಡ್ಡೋರೂ ಹಾಕ್ಕೊಂತಾರೆ. ಮಿಷನ್ನು ಸುಮ್ನೆ ಕೂತೈತೆ, ನೀನೂ ಸುಮ್ನೆ ಕೂತಿದೀಯ."

ಆಡಿದ ಕೂಡಲೇ ಮಗಳು ನಾಲಿಗೆ ಕಚ್ಚಿಕೊಂಡದ್ದನ್ನು ದಾಕ್ಷಾಯಿಣಿ ನೋಡಿದಳು. ನೋಡದವಳಂತೆ ಬಟ್ಟೆಯ ಮಡಿಕೆ ಬಿಡಿಸಿದಳು. ದೀಪಾವಳಿಗೆ ಮುಂಚೆ ಆಪರೇಷನ್ ಆದಾಗಿನಿಂದ ಈ ಮನೆಯಲ್ಲಿ ಎಲ್ಲರೂ ನಾಲಿಗೆ ಕಚ್ಚಿಕೊಂಡೇ ಬದುಕುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಎಡ ಮೊಲೆಯನ್ನು ತೆಗೆದಿದ್ದರು. ಕೂದಲು ಉದುರಿಸುವ ಔಷಧಿ ಬೇಕಾಗಲಿಲ್ಲ, ಗುಳಿಗೆ ಸಾಕು ಎಂದರು; ಪುಣ್ಯ ಮಾಡಿದ್ದೀಯ ಎಂದರು ಬಂದವರೆಲ್ಲ. ಆದರೆ ಏನನ್ನು ತೆಗೆದರು ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಗಂಡ ಜಂಬುಲಿಂಗಪ್ಪ 'ಆಪರೇಷನ್ನು' ಎಂದ. ನೆಂಟರು 'ಅದು' ಎಂದರು. ಮಗಳೂ ಕೂಡ, ಒಳಗೆ ಹತ್ತಿ ತುಂಬಿ ಹೊಲಿದ ಮೆತ್ತೆಯ ಒಳಕುಪ್ಪಸವನ್ನು ತಂದುಕೊಟ್ಟಾಗ, 'ಆ ಕಡೆಗೆ' ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದ್ದಳು. ಮೈಯಿಂದ ಹೋದದ್ದು ಮಾತಿನಿಂದಲೂ ಹೋಗಿ, ಕೊನೆಗೆ ದಾಕ್ಷಾಯಿಣಿಗೇ ಸ್ನಾನ ಮಾಡುವಾಗ ಅಲ್ಲಿಗೆ ಕೈ ಹೋದರೆ ಯಾರದೋ ಮನೆಯ ಹೊಸ್ತಿಲು ತಪ್ಪಿ ತುಳಿದಂತಾಗಿ ಕೈ ಹಿಂದಕ್ಕೆ ಬರುತ್ತಿತ್ತು.

ಅಳತೆಗೆಂದು ಮಗಳು ಬಿಟ್ಟುಹೋದ ಕುರ್ತಾ ಬಟ್ಟೆಯ ಮೇಲೆ ಮಲಗಿತ್ತು. ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಭುಜದ ಹತ್ತಿರ ಒಂದು ಬೆರಳು ಹೆಚ್ಚು ಬಿಟ್ಟಳು. ಕಾಟನ್ನು ಒಗೆದರೆ ಕುಗ್ಗುತ್ತದೆ, ಇರಲಿ. ತೋಳಿನ ಸುತ್ತ ಇನ್ನೊಂದು ಬೆರಳು. ರಂಜಿ ಕ್ಯಾಂಟೀನಿನ ಊಟ ತಿಂದು ದಪ್ಪಗಾಗುತ್ತಿದ್ದಾಳೆ, ಆಮೇಲೆ ಬಿಗಿಯಾಗುತ್ತದೆ ಎಂದರೆ ಯಾರು ಬಿಚ್ಚಿ ಹೊಲಿಯುವುದು? ಬೆನ್ನಿಗೂ ಅಷ್ಟು ಇರಲಿ, ಬೆವರಿಗೆ ಗಾಳಿಯಾಡಬೇಕು. ಒಂದೊಂದು ಹೆಚ್ಚಳಕ್ಕೂ ಒಂದೊಂದು ಕಾರಣ ಸಿಗುತ್ತಿತ್ತು, ಮತ್ತು ಎಲ್ಲ ಕಾರಣಗಳೂ ನ್ಯಾಯವಾಗಿಯೇ ಇದ್ದವು. ತನ್ನ ಕೈಯ ಈ ಧಾರಾಳತನ ಯಾರಿಗಾಗಿ ಎಂದು ಅವಳು ಕೇಳಿಕೊಳ್ಳಲಿಲ್ಲ. ಮನಸ್ಸು ಬೇಕೆಂದೇ ಬೇರೆ ಕಡೆ ನೋಡುತ್ತಿತ್ತು, ಸಂತೆಯಲ್ಲಿ ಸಾಲ ಕೊಟ್ಟವನನ್ನು ಕಂಡವರ ಹಾಗೆ. ಕೊನೆಗೆ ಕತ್ತರಿ ಇಟ್ಟಳು. ಕರ್ ಕರ್ ಎಂದು ಅದು ಬಟ್ಟೆಯನ್ನು ತಿನ್ನುತ್ತ ಹೋದ ಸದ್ದು ಕಿವಿಗೆ ಹಿತವಾಗಿತ್ತು.

ಮೊಳಕಾಲ್ಮೂರಿನ ತವರುಮನೆಯಲ್ಲಿ ಈ ಸದ್ದಿಗೆ ಜಾಗವಿರಲಿಲ್ಲ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಅಪ್ಪ ದೊಡ್ಡೀರಪ್ಪನವರು ನೇಯುವವರಿಗೆ ರೇಷ್ಮೆ ಕೊಟ್ಟು ಸೀರೆ ಕೊಳ್ಳುತ್ತಿದ್ದರು. ಮಾಡು, ಗೂಡು, ಮಂಚದ ಕೆಳಗು ಎಲ್ಲೆಲ್ಲೂ ಸೀರೆ. ಮಕ್ಕಳು ಮಾತ್ರ ಅದನ್ನು ಮುಟ್ಟುವಂತಿರಲಿಲ್ಲ, ಬೆಲ್ಲದ ಕೈ, ಬೆವರಿನ ಕೈ. "ಪಟ್ಟು ಚೀರ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಅಪ್ಪ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗದರುತ್ತಿದ್ದರು. ಅಷ್ಟು ರೇಷ್ಮೆಯ ನಡುವೆ ಅವಳಿಗೆಂದು ಇದ್ದದ್ದು ಅವ್ವ ಹೊಲಿದ ಒಂದು ಹತ್ತಿಯ ಫ್ರಾಕು. ಹಳದಿ ಬಣ್ಣದ್ದು. ಒಗೆದು ಒಗೆದು ಮೆತ್ತಗಾಗಿ, ಹಾಕಿಕೊಂಡರೆ ಹಾಕಿಕೊಂಡಿದ್ದೇ ಗೊತ್ತಾಗದಂಥದ್ದು. ಅದನ್ನು ಹಾಕಿಕೊಂಡು ಬಂಡೆ ಹತ್ತಬಹುದು, ಕಾಲು ಮಡಚಿ ಕೂರಬಹುದು, ಓಡುವಾಗ ಗಾಳಿ ಒಳಗೆಲ್ಲ ಸುತ್ತಿ ಕತ್ತಿನಿಂದ ಹೊರಗೆ ಬರುತ್ತಿತ್ತು. ಒಂದು ದಿನ ಅವ್ವ ಜಡೆ ಹೆಣೆಯುತ್ತ ಹೆಣೆಯುತ್ತ ಕೈ ನಿಲ್ಲಿಸಿ, ಅವಳ ಎದೆಯನ್ನು ನೋಡಿ, "ಇನ್ನು ಇದು ಬ್ಯಾಡ ಕಣೆ" ಎಂದಳು. ಮಾರನೆಯ ದಿನದಿಂದ ಉದ್ದ ಲಂಗ. ಆ ಫ್ರಾಕು ಮಗ್ಗದ ಮನೆಯ ಹುಡುಗಿಯ ಮೈಮೇಲೆ ಬೀದಿಯಲ್ಲಿ ಓಡಾಡಿದ್ದನ್ನು ದಾಕ್ಷಾಯಿಣಿ ಕಿಟಕಿಯಿಂದ ನೋಡಿದ್ದಳು. ಅತ್ತಿರಲಿಲ್ಲ. ಎದೆ ಬಂದ ಹುಡುಗಿ ಫ್ರಾಕಿಗೆ ಅಳುವುದೇ ಎಂದು ನಾಚಿಕೆಯಾಗಿತ್ತು.

ಮಿಷನ್ನಿನ ಬೆಲ್ಟು ಸಡಿಲವಾಗಿತ್ತು, ಎಳೆದು ಕಟ್ಟಿದಳು. ಎಡಗೈಯನ್ನು ಭುಜದ ಮೇಲಕ್ಕೆ ಎತ್ತಲಾಗದಿದ್ದರೂ ಬಟ್ಟೆ ಹಿಡಿದು ಮುಂದಕ್ಕೆ ತಳ್ಳಲು ಅದಕ್ಕೆ ತೊಂದರೆಯಿರಲಿಲ್ಲ. ಕಾಲು ತುಳಿತ ಹಿಡಿದುಕೊಂಡಿತು. ಮೊದಲ ದಿನ ಭುಜ ಕೂಡಿಸಿದಳು, ಆಮೇಲೆ ಕಾಲರು, ಆಮೇಲೆ ತೋಳು. ಕೆಲಸದ ರಾಧಮ್ಮ ಪಾತ್ರೆ ತೊಳೆಯುತ್ತ, "ಅಕ್ಕಾ, ಮಿಷನ್ ಸದ್ದು ಕೇಳಿ ಯಾವ ಕಾಲ ಆಗಿತ್ತು" ಎಂದಳು. ನೆರಿಗೆ ಹಿಡಿಯುವುದು ಮಾತ್ರ ನಿಧಾನದ ಕೆಲಸ. ದೊಡ್ಡ ಹೊಲಿಗೆ ಹಾಕಿ, ಒಂದು ದಾರ ಹಿಡಿದು ಎಳೆದರೆ ಬಟ್ಟೆ ತಾನಾಗಿ ಸುರುಟಿಕೊಂಡು ಬರಬೇಕು. ಅವಸರ ಮಾಡಿದರೆ ದಾರ ಹರಿಯುತ್ತದೆ. ಹಾಗೆ ಎಳೆಯುತ್ತಿದ್ದಾಗ, ಎದೆಯ ಮೇಲೆ ಬೀಳುವ ನೆರಿಗೆಗಳನ್ನು ಬೆರಳಿನಿಂದ ಸಮ ಮಾಡುತ್ತಿದ್ದಾಗ, ಆ ಮಗು ನೆನಪಾಯಿತು. ಗಂಡನ ಅಣ್ಣನ ಮಗ ಮಲ್ಲಿಕನ ಕೂಸು. ಸಂಕ್ರಾಂತಿಯ ಸುಮಾರಿಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೋಗಿದ್ದಳು, ಮೆತ್ತೆಯ ಕುಪ್ಪಸದ ಮೇಲೆ ಕುಪ್ಪಸ, ಅದರ ಮೇಲೆ ದಪ್ಪ ಸೆರಗು. ಯಾರೋ ಕೂಸನ್ನು ತಂದು ಅವಳ ತೊಡೆಯ ಮೇಲೆ ಹಾಕಿದರು. ಅದು ಸ್ವಲ್ಪ ಹೊತ್ತು ಕಣ್ಣು ಬಿಟ್ಟು ನೋಡಿ, ಹಸಿವಾಗಿ, ಮುಖವನ್ನು ಅವಳ ಎಡಗಡೆಗೆ ತಿರುಗಿಸಿ ಸೀರೆಯ ಮೇಲೆಯೇ ಬಾಯಿ ಹಾಕಿ ತಡಕಾಡಿತು. ಹತ್ತಿಯನ್ನು ತಡಕಾಡಿತು. ಮಲ್ಲಿಕನ ಹೆಂಡತಿ ಓಡಿಬಂದು "ಹಸಿದೈತೆ ಚಿಕ್ಕತ್ತೆ, ಕೊಡ್ರಿ" ಎಂದು ಕೂಸನ್ನು ಎತ್ತಿಕೊಂಡಳು. ಆ ಹುಡುಗಿ ನಕ್ಕಳು. ಸುತ್ತ ಕೂತ ಹೆಂಗಸರೆಲ್ಲ ಒಮ್ಮೆಲೇ ಬೇರೆ ಬೇರೆ ಮಾತು ತೆಗೆದರು, ಮದುವೆ, ಶೇಂಗಾ, ಯಾರದೋ ಮನೆಯ ಬೋರ್‌ವೆಲ್. ಆ ಗದ್ದಲದಲ್ಲಿ ದಾಕ್ಷಾಯಿಣಿ ತನ್ನ ಸೀರೆಯ ಮೇಲೆ ಉಳಿದ ಜೊಲ್ಲಿನ ಒದ್ದೆಯನ್ನು ಒರೆಸಲೂ ಆಗದೆ, ಬಿಡಲೂ ಆಗದೆ ಕೂತಿದ್ದಳು. ಕೂಸಿನ ತಪ್ಪಿರಲಿಲ್ಲ, ತಾಯಿಯ ತಪ್ಪೂ ಇರಲಿಲ್ಲ. ಯಾರದೂ ತಪ್ಪಿಲ್ಲದಿದ್ದುದೇ ಹೆಚ್ಚು ನೋಯಿಸಿತ್ತು. ಅಂದಿನಿಂದ ಯಾರ ಮನೆಗೂ ಹೋಗಿರಲಿಲ್ಲ. ಮೊಳಕಾಲ್ಮೂರಿನಿಂದ ಅತ್ತಿಗೆ ಕಮಲಾಕ್ಷಮ್ಮ ಎಷ್ಟು ಸಲ ಫೋನ್ ಮಾಡಿದರೂ ಬಿಸಿಲು, ಕಾಲುನೋವು, ಇವರಿಗೆ ಮಿಲ್ಲಿನ ಕೆಲಸ ಎಂದು ಏನೋ ಒಂದು ಹೇಳುತ್ತಿದ್ದಳು.

ದಾರ ಹರಿಯಲಿಲ್ಲ. ನೆರಿಗೆ ಚೆನ್ನಾಗಿಯೇ ಬಂತು.

ಗುರುವಾರ ಮಧ್ಯಾಹ್ನ ಗುಂಡಿಗಳನ್ನೂ ಹಚ್ಚಿಯಾಗಿ, ಕೆಳಗಿನ ಅಂಚು ಮಡಚುವುದೊಂದೇ ಉಳಿದಿತ್ತು. ರಾಧಮ್ಮ ಹೋಗಿದ್ದಳು. ಜಂಬುಲಿಂಗಪ್ಪ ಊಟ ಮಾಡಿ ಎಣ್ಣೆಮಿಲ್ಲಿಗೆ ಹಿಂತಿರುಗಿದ್ದ. ಇನ್ನು ಬರುವುದು ದೀಪ ಹಚ್ಚುವ ಹೊತ್ತಿಗೆ. ಹಿತ್ತಿಲ ಬೇವು ಹೂ ಬಿಟ್ಟು ಅದರ ಕಹಿಸಿಹಿ ವಾಸನೆ ಅಡಿಗೆಮನೆಯವರೆಗೆ ಬಂದಿತ್ತು. ದಾಕ್ಷಾಯಿಣಿ ಮುಂಬಾಗಿಲು ಎಳೆದುಕೊಂಡು, ಮಲಗುವ ಕೋಣೆಗೆ ಹೋಗಿ, ಒಂದು ಸಲ ಮೈಮೇಲೆ ಹಿಡಿದು ನೋಡಿದರೆ ತಾನೇ ಉದ್ದ ಗೊತ್ತಾಗುವುದು ಎಂದುಕೊಂಡಳು. ಹಿಡಿದು ನೋಡಿದರೆ ಸರಿಯಾಗಿ ತಿಳಿಯುವುದಿಲ್ಲ, ನೈಟಿಯ ಮೇಲೆ ಹಾಕಿ ನೋಡಬೇಕು ಎಂದುಕೊಂಡಳು. ನೈಟಿಯ ಮೇಲೆ ಹಾಕಿದರೆ ಉಬ್ಬುತ್ತದೆ. ಹೀಗೆ ಒಂದೊಂದೇ ಕಾರಣದ ಮೆಟ್ಟಿಲಿಳಿದು, ನೈಟಿ ತೆಗೆದು, ಕೊನೆಗೆ ಆ ಮೆತ್ತೆಯ ಒಳಕುಪ್ಪಸವನ್ನೂ ತೆಗೆದು ಮಂಚದ ಮೇಲಿಟ್ಟು, ಬರಿ ಲಂಗದ ಮೇಲೆ ಫ್ರಾಕು ಹಾಕಿಕೊಂಡಳು. ಎಡಗೈ ತೋಳಿನೊಳಕ್ಕೆ ಹೋಗಲು ಸ್ವಲ್ಪ ತಂಟೆ ಮಾಡಿತು, ಆಮೇಲೆ ಹೋಯಿತು. ಗುಂಡಿ ಹಾಕಿದಳು. ಬೀರುವಿನ ಕನ್ನಡಿಯ ಮುಂದೆ ಬಂದು ನಿಂತು, ನೆಲ ನೋಡಿ, ನಿಧಾನವಾಗಿ ತಲೆ ಎತ್ತಿದಳು.

ಕನ್ನಡಿಯಲ್ಲಿ ಒಂದು ಫ್ರಾಕು ಇತ್ತು. ಅದರೊಳಗೆ ಒಬ್ಬಳಿದ್ದಳು. ನೆರಿಗೆಗಳು ಭುಜದ ಪಟ್ಟಿಯಿಂದ ಹೊರಟು ಎದೆಯನ್ನು ಕೇಳದೆ, ಬೇಕೆನ್ನದೆ, ಸುಮ್ಮನೆ ಕೆಳಕ್ಕೆ ಇಳಿದಿದ್ದವು. ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬ ಲೆಕ್ಕ ಅವಕ್ಕೆ ಬೇಕಾಗಿರಲಿಲ್ಲ. ಇಷ್ಟು ವರ್ಷ ಹಾಕಿದ ಕುಪ್ಪಸಗಳೆಲ್ಲ ಎದೆಯನ್ನು ಅಳೆದು, ಬಿಗಿದು, ಒತ್ತಿ, ಹಿಡಿದು ನಿಲ್ಲಿಸಿದ್ದವು. ಇದು ಮಾತ್ರ ಬಿಟ್ಟುಬಿಟ್ಟಿತ್ತು. ಭುಜ ಸರಿಯಾಗಿ ಕೂತಿತ್ತು, ತೋಳು ಸರಿಯಾಗಿತ್ತು. ಅಯ್ಯೋ ಎಂದುಕೊಂಡಳು. ಮಗಳ ಬಟ್ಟೆಯನ್ನು ಬೆರಳು ಬೆರಳಾಗಿ ತನಗೆ ಮಾಡಿಕೊಂಡದ್ದನ್ನು ಆಗ ಒಪ್ಪದೆ ದಾರಿಯಿರಲಿಲ್ಲ. ಐವತ್ತು ದಾಟಿದ ಹೆಂಗಸು, ಮಗಳು ತಂದ ಬಟ್ಟೆ ಕದ್ದು, ಹಾಡಹಗಲು ಬಾಗಿಲು ಹಾಕಿಕೊಂಡು ಫ್ರಾಕು ತೊಟ್ಟು ನಿಂತಿದ್ದಾಳೆ. ನಾಚಿಕೆ ಬಿಸಿಯಾಗಿ ಕಿವಿಯವರೆಗೆ ಏರಿತು. ಆದರೂ ತೆಗೆಯಲು ಮನಸ್ಸಾಗಲಿಲ್ಲ. ಲಂಗವನ್ನು ಮಾತ್ರ ಬಿಚ್ಚಿ ಕಾಲಿನಿಂದ ಪಕ್ಕಕ್ಕೆ ಸರಿಸಿ, ನಡುಮನೆಗೆ ನಡೆದಳು, ಅಡಿಗೆಮನೆಗೆ ಹೋದಳು, ಹಿತ್ತಿಲ ಬಾಗಿಲಲ್ಲಿ ನಿಂತಳು. ಗಾಳಿ ಮೀನಖಂಡಗಳಿಗೆ ಸೋಕಿತು. ಅಲ್ಲಿ ಗಾಳಿ ಸೋಕಿ ಎಷ್ಟು ವರ್ಷವಾಗಿತ್ತೋ, ಕಾಲುಗಳು ಹೊಸ ನೆಂಟರ ಹಾಗೆ ಸಂಕೋಚಪಟ್ಟವು.

"ರಂಜೂ, ಯಾವಾಗ ಬಂದ್ಯವ್ವ?"

ಹಿಂದಿನಿಂದ ಗಂಡನ ಧ್ವನಿ. ಬಾಗಿಲಿನ ಚಿಲಕ ಹಾಕಿರಲಿಲ್ಲ. ಅವಳು ತಿರುಗಿದಳು. ಜಂಬುಲಿಂಗಪ್ಪ ಮರೆತುಹೋಗಿದ್ದ ಕನ್ನಡಕಕ್ಕಾಗಿ ಬಂದವನು ದೇವರಮನೆಯ ಮುಂದೆ ನಿಂತಿದ್ದ. ಮುಖದಲ್ಲಿ ಮಗಳಿಗಾಗಿ ಬಂದ ನಗು ಹಾಗೆಯೇ ನಿಂತುಹೋಗಿತ್ತು. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಕೋಣೆಗೆ ಓಡಬೇಕೆಂದು ಅವಳಿಗೆ ಅನ್ನಿಸಿತು, ಓಡಿದರೆ ಇನ್ನೂ ಕಾಲು ಕಾಣುತ್ತದೆ ಎಂದೂ ಅನ್ನಿಸಿತು. ಎರಡೂ ಕೈ ತಾವಾಗಿಯೇ ಎದೆಗೆ ಬಂದವು.

"ರಂಜಿದು. ಅಳತೆ ನೋಡ್ತಿದ್ದೆ," ಎಂದಳು.

"ರಂಜಿಗೆ ದೊಡ್ಡದಾಗ್ತೈತಲ್ಲ."

ಅವನು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಎಷ್ಟೋ ತಿಂಗಳಿಂದ ಈ ಮನುಷ್ಯ ಅವಳೊಡನೆ ಮಾತಾಡುವಾಗ ಗೋಡೆಯ ಕ್ಯಾಲೆಂಡರನ್ನೋ ತಟ್ಟೆಯ ಅನ್ನವನ್ನೋ ನೋಡುತ್ತಿದ್ದ. ಆಸ್ಪತ್ರೆಯಿಂದ ಬಂದ ದಿನವೇ ಹಾಸಿಗೆ ಸುತ್ತಿಕೊಂಡು ಹೊರಕೋಣೆಯ ದಿವಾನಕ್ಕೆ ಹೋಗಿದ್ದ. 'ನಿನಗೆ ನಿದ್ದೆ ಬೇಕು' ಎಂದಿದ್ದ. ಅವಳಿಗೆ ನಿದ್ದೆ ಬಂದಿರಲಿಲ್ಲ. ಈಗ ಅವನು ನೋಡುತ್ತಿದ್ದ, ಮತ್ತು ನೋಡಿದ್ದನ್ನು ಹೇಳಿಯೂಬಿಟ್ಟ:

"ಎಡಗಡೆ ಇಳಿದೈತೆ."

ಅವನು ಹೇಳಿದ್ದು ಅಂಚಿನ ಮಾತು. ಅವಳು ಬಗ್ಗಿ ನೋಡಿದಳು, ನಿಜ. ಬಲಗಡೆ ಬಟ್ಟೆಯನ್ನು ಎದೆ ತುಸು ಮೇಲಕ್ಕೆ ಎಳೆದುಕೊಂಡಿತ್ತು. ಎಡಗಡೆ ಎಳೆದುಕೊಳ್ಳಲು ಏನೂ ಇಲ್ಲದೆ ಅಂಚು ಎರಡು ಬೆರಳು ಕೆಳಗೆ ಜೋತಿತ್ತು. ಮೇಲೆ ನೆರಿಗೆ ಮುಚ್ಚಿದ್ದನ್ನು ಕೆಳಗೆ ಅಂಚು ಹೇಳಿಬಿಟ್ಟಿತ್ತು. ತಾನು ಎಷ್ಟು ಜಾಣತನದಿಂದ ಹೊಲಿದರೂ ಬಟ್ಟೆಗೆ ಸುಳ್ಳು ಹೇಳಲು ಬರುವುದಿಲ್ಲ. ಅಷ್ಟರಲ್ಲಿ ಅವನಿಗೂ ತಾನು ಆಡಿದ್ದರ ಅರ್ಥ ಹೊಳೆದಿರಬೇಕು. ಮುಖ ಕಪ್ಪಿಟ್ಟಿತು. ಇನ್ನು ಕನ್ನಡಕ ತೆಗೆದುಕೊಂಡು ಹೊರಟುಬಿಡುತ್ತಾನೆ ಎಂದು ಅವಳು ಕಾದಳು. ಅವನು ಕನ್ನಡಕ ತೆಗೆದುಕೊಂಡ, ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡ.

"ಸುಣ್ಣದ ಕಡ್ಡಿ ಎಲ್ಲೈತೆ?" ಎಂದ.

"ಯಾಕ್ರಿ?"

"ನೀ ಬಗ್ಗಿದ್ರೆ ಅಂಚು ಅಲ್ಲಾಡ್ತೈತೆ. ನೀನು ನೆಟ್ಟಗೆ ನಿಲ್ಲು."

ಮಿಷನ್ನಿನ ಮೇಲಿಂದ ಸೀಮೆಸುಣ್ಣ, ಮರದ ಸ್ಕೇಲು, ಗುಂಡುಪಿನ್ನುಗಳ ಡಬ್ಬಿ ತಂದು, ಮೊಣಕಾಲು ಲಟಕ್ಕೆನ್ನಿಸಿ ಅವಳ ಕಾಲ ಬಳಿ ಕೂತ. ಸ್ಕೇಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಬಲಗಡೆ ಅಂಚು ಎಲ್ಲಿಗೆ ಬರುತ್ತದೆ ನೋಡಿದ. ಅದನ್ನೇ ಹಿಡಿದು ಅವಳ ಸುತ್ತ ಕೂತಲ್ಲೇ ಸರಿಯುತ್ತ ಒಂದೊಂದು ಕಡೆ ಗುರುತು ಹಾಕಿದ. ಶೇಂಗಾ ಮಂಡಿಯಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹಾಕುವ ಈ ಮನುಷ್ಯನ ನೆತ್ತಿ ಅವಳ ಕೈಗೆ ಎಟುಕುವಷ್ಟು ಕೆಳಗಿತ್ತು. ನೆತ್ತಿಯಲ್ಲಿ ಕೂದಲು ಇಷ್ಟು ತೆಳುವಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ಇವನು ಅವಳ ಕಾಲುಂಗುರ ಬಿಗಿಯಾಯಿತೆಂದಾಗ ಹೀಗೆಯೇ ಕೂತಿದ್ದ, ಯಾರೋ ಬರುವ ಸದ್ದಾಗಿ ದಡಬಡಿಸಿ ಎದ್ದು ಹೊರಗೆ ಹೋಗಿದ್ದ. ಈಗ ಪಿನ್ನುಗಳನ್ನು ತುಟಿಯ ನಡುವೆ ಕಚ್ಚಿಕೊಂಡು, ಒಂದೊಂದನ್ನೇ ತೆಗೆದು ಬಟ್ಟೆಗೆ ಚುಚ್ಚುತ್ತಿದ್ದ. ಎಡಗಡೆಗೆ ಬಂದಾಗ ಕೈ ನಿಧಾನವಾಯಿತು.

ಆ ನೆತ್ತಿಯನ್ನು ನೋಡುತ್ತ ಇದ್ದುದರಿಂದಲೋ ಏನೋ, ಮುಖ ನೋಡಿದ್ದರೆ ಬಾರದಿದ್ದ ಮಾತು ಬಂತು.

"ನನ್ನ ಕಂಡ್ರೆ ಹೇಸಿಗೆ ಆಗ್ತೈತೇನ್ರಿ?"

ಅವನ ಬಾಯಿ ತುಂಬ ಪಿನ್ನು. ಉತ್ತರ ಕೊಡಬೇಕೆಂದರೆ ಮೊದಲು ಅವನ್ನು ತೆಗೆಯಬೇಕು. ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ.

"ನಿದ್ದಿಯಾಗೆ ನನ್ನ ಕೈ ಎಲ್ಲಿ ಬೀಳ್ತೈತೋ ನಂಗೆ ಗೊತ್ತಾಗಲ್ಲ," ಎಂದ, ಅಂಚನ್ನೇ ನೋಡುತ್ತ. "ಇಷ್ಟು ವರ್ಷ ಒಂದೇ ಕಡೆ ಬಿದ್ದು ಅಭ್ಯಾಸ ಆಗೈತೆ ಅದಕ್ಕೆ. ಹೊಲಿಗೆ ಹಸಿ ಇತ್ತು. ನೀನು ನೊಂದ್ಕೊಂಡು ಕಿರುಚಿದ್ರೆ ಅಂತ…"

"ಹೊಲಿಗೆ ಒಣಗಿ ಯಾವ ಕಾಲ ಆಯ್ತು."

"ನೀ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

ಅವನು ಮತ್ತೆ ಪಿನ್ನು ಚುಚ್ಚಲು ಬಗ್ಗಿದ. ಕೈ ಜಾರಿ ಪಿನ್ನಿನ ಮೊನೆ ಅವಳ ಕಾಲಿಗೆ ತಾಗಿತು. "ಸ್ಸ್" ಎಂದಳು. ಅವನು ಗಾಬರಿಯಾಗಿ ಅಲ್ಲಿ ಹೆಬ್ಬೆರಳಿಟ್ಟು ಒತ್ತಿ ಹಿಡಿದ. ರಕ್ತ ಬಂದಿರಲಿಲ್ಲ, ಆದರೂ ಹೆಬ್ಬೆರಳು ತೆಗೆಯಲಿಲ್ಲ. ಶೇಂಗಾದ ಎಣ್ಣೆ ಹಿಡಿದು ಹಿಡಿದು ನುಣುಪಾದ ಬೆರಳು. ಹಿತ್ತಿಲಲ್ಲಿ ಬೇವಿನ ಹೂ ಉದುರುತ್ತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಯಾರಾದರೂ ಬಂದರೆ ಎಂದು ಅವಳಿಗೆ ಅನ್ನಿಸಿತು, ಬಂದರೆ ಬರಲಿ ಎಂದೂ ಅನ್ನಿಸಿತು.

"ಹಿಂಗೆ ಗುರುತು ಹಾಕಿದ್ಮೇಲೆ ಇದು ರಂಜಿಗೆ ಆಗಲ್ಲ," ಎಂದ ಅವನು ಕೊನೆಗೆ, ಏಳಲು ಅವಳ ಕೈ ಹಿಡಿದುಕೊಳ್ಳುತ್ತ. "ಅವಳು ಹಾಕ್ಕೊಂಡ್ರೆ ಅಡ್ಡಾದಿಡ್ಡಿ ಕಾಣ್ತೈತೆ."

"ಹೌದು. ಇನ್ಯಾರಿಗೂ ಆಗಲ್ಲ."

ಅಂಚನ್ನು ಅವಳು ಕೈಯಲ್ಲೇ ಹೊಲಿದಳು, ಹೊರಗೆ ಕಾಣದಂತೆ ಸಣ್ಣ ಸಣ್ಣ ಹೊಲಿಗೆ. ಒಳಗೆ ಮಡಿಕೆ ಎಡಗಡೆ ಅಗಲ, ಬಲಗಡೆ ಕಿರಿದು. ಹೊರಗೆ ಹಾಕಿಕೊಂಡು ನಿಂತರೆ ಸುತ್ತಲೂ ಒಂದೇ ಸಮ. ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಕಸ ಗುಡಿಸುತ್ತಿದ್ದ ರಾಧಮ್ಮ ಹೊರಕೋಣೆಯ ದಿವಾನದ ಮೇಲೆ ಹಾಸಿಗೆ ಕಾಣದೆ, "ಸಾವ್ಕಾರ್ರು ಊರಿಗೆ ಹೋಗ್ಯಾರೇನಕ್ಕ?" ಎಂದು ಕೇಳಿದಳು. "ಇಲ್ಲ, ಇಲ್ಲೇ ಅದಾರೆ" ಎಂದಳು ದಾಕ್ಷಾಯಿಣಿ, ಕಾಫಿ ಸೋಸುತ್ತ. ಅವಳಿಗೆ ಅಂದೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಪಕ್ಕದವನ ಗೊರಕೆ ಮರೆತುಹೋಗಿತ್ತು, ಮತ್ತೆ ಅಭ್ಯಾಸವಾಗಬೇಕಿತ್ತು. ಅವನು ಕೈಯನ್ನು ತನ್ನ ಹೊಟ್ಟೆಯ ಮೇಲೆಯೇ ಕಟ್ಟಿಕೊಂಡು, ಎತ್ತಿನ ಗಾಡಿಯಲ್ಲಿ ಮಲಗಿದವನ ಹಾಗೆ ಹುಷಾರಾಗಿ ಮಲಗಿದ್ದ. ಎಲ್ಲವೂ ಒಂದೇ ಸಲಕ್ಕೆ ಸರಿಹೋಗುವುದಿಲ್ಲ.

ಮಗಳಿಗೆ ಫೋನ್ ಮಾಡುವುದನ್ನು ನಾಳೆ ನಾಳೆ ಎಂದು ತಳ್ಳಿ, ಕೊನೆಗೆ ಮಾಡಿದಳು. "ರಂಜಿ, ನಿನ್ನ ಫ್ರಾಕು ನಾನೇ ಇಟ್ಕೊಂಡೆ ಕಣೆ."

"ಏನಂದೆ?"

"ನಂಗೇ ಹೊಲಕೊಂಡೆ."

"ಅವ್ವಾ! ಎಲ್ರಿಗೂ ಹೇಳ್ಬಿಟ್ಟಿದೀನಿ ನಮ್ಮವ್ವ ಹೊಲಿದುಕೊಡ್ತಾಳೆ ಅಂತ. ಆ ಬಟ್ಟೆಗೆ ಎಷ್ಟು ಅಂಗಡಿ ತಿರುಗಿದೀನಿ ಗೊತ್ತಾ?" ಮಗಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಎಷ್ಟೋ ತಿಂಗಳಲ್ಲಿ ಮೊದಲ ಸಲ ತಾಯಿಯ ಮೇಲೆ ಸಿಟ್ಟು ಮಾಡಿದ್ದಳು, ನಾಲಿಗೆ ಕಚ್ಚಿಕೊಳ್ಳದೆ. ದಾಕ್ಷಾಯಿಣಿಗೆ ಅದು ಎಷ್ಟು ಹಿತವಾಯಿತೆಂದರೆ ಇನ್ನಷ್ಟು ಬೈಯಲಿ ಎನ್ನಿಸಿತು. "ಬೇರೆ ಬಟ್ಟೆ ತಗೊಂಬಾ, ಹಂಪಿಗೆ ಹೋಗೋದ್ರೊಳಗೆ ಹೊಲಿದುಕೊಡ್ತೀನಿ" ಎಂದಳು. "ನೀ ಏನೂ ಬ್ಯಾಡ ಹೋಗು" ಎಂದು ಮಗಳು ಫೋನ್ ಇಟ್ಟಳು. ಸಂಜೆ ಮೆಸೇಜು ಬಂತು: ಹಾಕ್ಕೊಂಡು ಫೋಟೋ ಕಳ್ಸು. ದಾಕ್ಷಾಯಿಣಿ ಕಳಿಸಲಿಲ್ಲ. ಬಂದು ನೋಡಲಿ.

ಯುಗಾದಿಗೆ ಮೊಳಕಾಲ್ಮೂರಿಗೆ ಹೋಗೋಣವೇ ಎಂದು ಅವಳೇ ಕೇಳಿದಾಗ ಜಂಬುಲಿಂಗಪ್ಪ ಮಿಲ್ಲಿನ ಮಾತೆತ್ತದೆ ಕಾರು ತೆಗೆದ. ಹಬ್ಬದ ಹಿಂದಿನ ಸಂಜೆ ಹೊರಟರು. ಹೊಂಗೆಯ ಮರಗಳು ಹೊಸ ಎಲೆ ಹೊತ್ತು ರಸ್ತೆಯ ಎರಡೂ ಕಡೆ ನಿಂತಿದ್ದವು, ಎಲೆಗಳ ಮೇಲೆ ಇನ್ನೂ ಧೂಳು ಕೂತಿರಲಿಲ್ಲ. ಬಂಡೆಗುಡ್ಡಗಳು ಕಂಡ ಮೇಲೆ ಅವಳು ಸೆರಗನ್ನು ಇನ್ನೊಮ್ಮೆ ಎಳೆದು ಸರಿಮಾಡಿಕೊಂಡಳು. ಉಟ್ಟಿದ್ದು ಸೀರೆಯೇ, ಒಳಗೆ ಮೆತ್ತೆಯೂ ಇತ್ತು. ಫ್ರಾಕನ್ನು ಚೀಲದ ತಳದಲ್ಲಿ, ಟವೆಲಿನ ಕೆಳಗೆ ಇಟ್ಟುಕೊಂಡಿದ್ದಳು. ತಂದದ್ದು ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಮಲಾಕ್ಷಮ್ಮ ರಾಯದುರ್ಗದ ಕಡೆಯವಳು. ಸಂತೋಷಕ್ಕೂ ಸಿಟ್ಟಿಗೂ ಅವಳಿಗೆ ಮೊದಲು ಬರುವುದು ತೆಲುಗೇ. "ರಾ ತಲ್ಲೀ, ರಾ! ಎಷ್ಟು ಕರದ್ರೂ ಬರಲಿಲ್ಲ, ಈಗ ಬಂದ್ಯಲ್ಲ" ಎಂದು ಅಪ್ಪಿಕೊಳ್ಳಲು ಬಂದವಳು, ಹತ್ತಿರಾದಾಗ ಏನೋ ನೆನಪಾಗಿ, ಅಪ್ಪುವುದನ್ನು ಬಿಟ್ಟು ಎರಡೂ ಕೈ ಹಿಡಿದುಕೊಂಡಳು. ದಾಕ್ಷಾಯಿಣಿಗೆ ಅದು ತಿಳಿಯಿತು. ರಾತ್ರಿ ಊಟದಲ್ಲೂ ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಬಿಸಿಲಿನ ವಿಷಯ ಮಾತಾಡಿದರು.

ಬೆಳಿಗ್ಗೆ ಹಬ್ಬ. ಬಚ್ಚಲ ಒಲೆಗೆ ಬೆಂಕಿ ಹಾಕಿ, ಹರಳೆಣ್ಣೆ ಕಾಯಿಸಲು ಇಟ್ಟು, ಕಮಲಾಕ್ಷಮ್ಮ ಮನೆಮಂದಿಯ ಹೊಸಬಟ್ಟೆಗಳನ್ನೆಲ್ಲ ದೇವರ ಮುಂದಿಡಲು ಕೂಡಿಸುತ್ತಿದ್ದಳು. ಅಣ್ಣನದು ಪಂಚೆ, ಅತ್ತಿಗೆಯದು ರೇಷ್ಮೆ ಸೀರೆ, ಜಂಬುಲಿಂಗಪ್ಪನದು ಬಿಳಿ ಅಂಗಿ. "ನಿಂದೆಲ್ಲವ್ವ?" ಎಂದು ಕೇಳಿದಳು. ದಾಕ್ಷಾಯಿಣಿ ಚೀಲದ ತಳಕ್ಕೆ ಕೈ ಹಾಕಿ ಫ್ರಾಕು ತೆಗೆದುಕೊಟ್ಟಳು.

"ಇದು ಯಾರ್ದು?"

"ನಂದೇ ಅತ್ತಿಗೆ. ನಾನೇ ಹೊಲಕೊಂಡಿದ್ದು."

ಕಮಲಾಕ್ಷಮ್ಮ ಅದನ್ನು ಬಿಡಿಸಿ ಎತ್ತಿ ಹಿಡಿದಳು. ನಗುತ್ತಾಳೆ ಎಂದು ದಾಕ್ಷಾಯಿಣಿ ಮೈ ಬಿಗಿ ಮಾಡಿಕೊಂಡಳು. ಆದರೆ ನಲವತ್ತು ವರ್ಷ ಸೀರೆ ಕೊಂಡು ಮಾರುವ ಮನೆಯಲ್ಲಿ ಬಾಳಿದ ಹೆಂಗಸಿಗೆ ಬಟ್ಟೆ ಕೈಗೆ ಬಂದರೆ ನಗುವುದಕ್ಕಿಂತ ಮೊದಲು ಮುಟ್ಟಿ ನೋಡುವುದು ಅಭ್ಯಾಸ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, "ಒಳ್ಳೆ ನೂಲು" ಎಂದಳು. ಕಾಲರು ತಿರುವಿ ನೋಡಿದಳು, ನೆರಿಗೆ ನೋಡಿದಳು. ಕೊನೆಗೆ ಅಂಚನ್ನು ಮಗುಚಿ ಒಳಗಿನ ಹೊಲಿಗೆ ನೋಡುತ್ತ ಹೋದವಳು ಹುಬ್ಬು ಗಂಟಿಕ್ಕಿದಳು.

"ಇದೇನೇ? ಈ ಕಡೆ ಇಷ್ಟು ಅಗಲ ಮಡಚೀಯ, ಆ ಕಡೆ ಸಣ್ಣಕೈತೆ. ಕೈ ತಪ್ಪೈತೇನು?"

"ಇಲ್ಲ ಅತ್ತಿಗೆ," ಎಂದಳು ದಾಕ್ಷಾಯಿಣಿ. ತನ್ನ ಧ್ವನಿ ಇಷ್ಟು ಸರಾಗವಾಗಿ ಹೊರಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ನಂಗೆ ಎಡಗಡೆ ಮೊಲೆ ಇಲ್ಲವಲ್ಲ. ಆ ಕಡೆ ಬಟ್ಟೆ ಇಳೀತೈತೆ. ಅದಕ್ಕೆ."

ಅತ್ತಿಗೆಯ ಕೈ ಅಂಚಿನ ಮೇಲೆಯೇ ನಿಂತಿತು. ಅವಳ ಕಣ್ಣು ತುಂಬುವುದನ್ನು ದಾಕ್ಷಾಯಿಣಿ ನೋಡಿದಳು, ತುಂಬಿದ್ದು ಚೆಲ್ಲದಂತೆ ಅವಳು ತಡೆದುಕೊಂಡದ್ದನ್ನೂ ನೋಡಿದಳು. ಕಮಲಾಕ್ಷಮ್ಮ ಫ್ರಾಕನ್ನು ಮಡಚಿ, ಅರಿಶಿನದ ಬಟ್ಟಲಿಗೆ ಬೆರಳದ್ದಿ ಕಾಲರಿನ ತುದಿಗೆ ಒಂದು ಚುಕ್ಕೆ ಇಟ್ಟು, ತನ್ನ ರೇಷ್ಮೆ ಸೀರೆಯ ಮೇಲೆ ಅದನ್ನಿಟ್ಟು ದೇವರ ಮುಂದೆ ಸರಿಸಿದಳು. "ಹಂಗಾದ್ರೆ ಸರಿಯಾಗೇ ಐತೆ" ಎಂದಳು. ಮೂಗೊರೆಸಿಕೊಂಡು, "ಬಾ, ಎಣ್ಣೆ ಆರಿಹೋಗ್ತೈತೆ" ಎಂದಳು.

ಬಚ್ಚಲಲ್ಲಿ ಹೊಗೆ, ಹಂಡೆಯ ಕುದಿನೀರಿನ ಸದ್ದು. ದಾಕ್ಷಾಯಿಣಿ ಮಣೆಯ ಮೇಲೆ ಕೂತಳು. ಅತ್ತಿಗೆ ನೆತ್ತಿಗೆ ಎಣ್ಣೆ ಸುರಿದು ತಟ್ಟಿದಳು, ಕತ್ತು ನೀವಿದಳು, ಭುಜಕ್ಕೆ ಬಂದಳು. ಎಡಗೈಯನ್ನು ಮೆಲ್ಲನೆ ಎತ್ತಿಸಿ ಕಂಕುಳಿಗೆ ಹಚ್ಚಿದಳು. ಅಲ್ಲಿಂದ ಆ ಬಿಸಿ ಅಂಗೈ ಎದೆಗೆ ಬಂತು. ಬಲಗಡೆಯ ಮೇಲೆ ಹೇಗೋ ಹಾಗೆಯೇ ಎಡಗಡೆಯ ಮೇಲೂ, ಗಾಯದ ಗೆರೆಯ ಉದ್ದಕ್ಕೂ, ಎಲ್ಲೂ ನಿಲ್ಲದೆ, ಎಲ್ಲೂ ಅವಸರ ಮಾಡದೆ ಹರಿದುಹೋಯಿತು. "ಚರ್ಮ ಒಣಗೈತೆ ಇಲ್ಲಿ. ದಿನಾ ಸ್ವಲ್ಪ ಎಣ್ಣೆ ಹಚ್ಚು," ಎಂದಳು ಅತ್ತಿಗೆ, ಮೊಣಕೈಯನ್ನೋ ಹಿಮ್ಮಡಿಯನ್ನೋ ಕುರಿತು ಹೇಳುವಂತೆ. ಆಮೇಲೆ ಬಿಸಿನೀರು ಹುಯ್ಯುತ್ತ, ಸೀಗೆಪುಡಿ ತಿಕ್ಕುತ್ತ, "ನಂಗೂ ಒಂದು ಹೊಲಿದು ಕೊಡೇ. ತೋಳು ಮಾತ್ರ ಉದ್ದ ಇಡು. ನನ್ನಂಥೋಳಿಗೆ ಎಷ್ಟು ಬಟ್ಟೆ ಬೇಕಾಗ್ತೈತೋ" ಎಂದಳು.

ಅಂಗಳದಲ್ಲಿ ಗಂಡಸರು ಕಾಯುತ್ತಿದ್ದರು. ಅಣ್ಣ ಕೂಗಿದ: "ಏನ್ರೇ, ಇನ್ನೂ ಆಗ್ಲಿಲ್ವಾ? ಬೇವುಬೆಲ್ಲಕ್ಕೆ ಹೊತ್ತಾಯ್ತು."

"ತಡೀರಿ!" ಎಂದು ಕಮಲಾಕ್ಷಮ್ಮ ಒಳಗಿನಿಂದಲೇ ಕೂಗಿದಳು. "ನಿಮ್ ತಂಗಿ ಹೊಸ ಫ್ರಾಕು ಹಾಕ್ಕೊಂಡು ಬರ್ತಾಳೆ!"

ಅಣ್ಣನ ಮುಖ ಹೇಗಾಗಿರಬಹುದು ಎಂದು ದಾಕ್ಷಾಯಿಣಿ ಊಹಿಸುತ್ತಿದ್ದಾಗಲೇ ಗಂಡ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಮಾವನ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಕೂರುವ ಮನುಷ್ಯ, ಯಾರೂ ಕೇಳದಿದ್ದರೂ, ಸ್ವಲ್ಪ ಜೋರಾಗಿಯೇ ಹೇಳಿದ:

"ನೀಲಿ ಹೂವಿಂದು. ಅಂಚಿಗೆ ಗುರುತು ಹಾಕಿದ್ದು ನಾನೇ."

ಕಣ್ಣು ಮುಚ್ಚಿ ಕೂತಿದ್ದ ದಾಕ್ಷಾಯಿಣಿಗೆ ನಗು ಬಂತು. ಬಾಯಿ ತೆರೆದದ್ದೇ ಸೀಗೆಯ ನೊರೆಯೆಲ್ಲ ಒಳಗೆ ಹೋಯಿತು. ಉಗುಳಿ, ಕೆಮ್ಮಿ, ಮತ್ತೆ ನಕ್ಕಳು.